ಡಬ್ಬಿಯಲ್ಲಿ ಸಿಕ್ಕ ಕುಲಿಯೋನ್ ನಾಣ್ಯ, ಅದು ಓಡಾಡಿದ ಊರು

ಪ್ರಶ್ನೆ: ನಮ್ಮ ತಂದೆ ಸರಕು ಹಡಗಿನಲ್ಲಿ ಕೆಲಸ ಮಾಡುತ್ತಿದ್ದರು. ಅವರ ನಾಣ್ಯದ ಡಬ್ಬಿಯಲ್ಲಿ ತುಂಬಾ ಹಗುರವಾದ ಒಂದು ಬಿಳಿ ನಾಣ್ಯ ಸಿಕ್ಕಿದೆ. ಇಂಗ್ಲಿಷಿನಲ್ಲಿ 'ಕುಲಿಯೋನ್ ಲೆಪರ್ ಕಾಲನಿ, ಫಿಲಿಪ್ಪೀನ್ ಐಲ್ಯಾಂಡ್ಸ್, 1913' ಅಂತ ಬರೆದಿದೆ. ಮನೆಯಲ್ಲಿ ಅದನ್ನು ಮುಟ್ಟುವುದಕ್ಕೇ ಹೆದರುತ್ತಿದ್ದಾರೆ. ಇದೇನು, ಇಟ್ಟುಕೊಳ್ಳಬಹುದಾ? ಇನ್ನೊಂದು ವಿಷಯ, ಮಗಳು ಮುಂದಿನ ವರ್ಷ ಫಿಲಿಪ್ಪೀನ್ಸ್‌ನ ಕೊರೋನ್‌ಗೆ ಪ್ರವಾಸ ಹೋಗುತ್ತಿದ್ದಾಳೆ. ಕುಲಿಯೋನ್ ಅಲ್ಲೇ ಹತ್ತಿರವಂತೆ. ಹೋದರೆ ಅಪಾಯವಿಲ್ಲ ತಾನೇ? ನೋಡುವುದಕ್ಕೆ ಏನಾದರೂ ಇದೆಯಾ?

ಉತ್ತರ: ಮೊದಲು ಮನೆಯವರ ಹೆದರಿಕೆಗೆ ಉತ್ತರ ಹೇಳಿಬಿಡುತ್ತೇನೆ. ಕುಲಿಯೋನ್ ಅಂದರೆ ಕುಷ್ಠರೋಗಿಗಳನ್ನು ಪ್ರತ್ಯೇಕವಾಗಿ ಇಟ್ಟಿದ್ದ ದ್ವೀಪ, ಅಲ್ಲಿ ಮಾತ್ರ ನಡೆಯುತ್ತಿದ್ದ ನಾಣ್ಯ ಇದು. ನಾಣ್ಯದಿಂದ ಕುಷ್ಠರೋಗ ಬರುವುದಿಲ್ಲ. ಈಗಲೂ ಬರುವುದಿಲ್ಲ, 1913ರಲ್ಲೂ ಬರುತ್ತಿರಲಿಲ್ಲ. ಈ ರೋಗದ ಬ್ಯಾಕ್ಟೀರಿಯಾವನ್ನು ನಾರ್ವೆಯ ಹ್ಯಾನ್ಸನ್ ಕಂಡುಹಿಡಿದದ್ದು 1873ರಲ್ಲಿ. ಅದನ್ನು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸುವುದಕ್ಕೆ ಇವತ್ತಿನವರೆಗೂ ಯಾರಿಗೂ ಆಗಿಲ್ಲ, ಅಷ್ಟು ನಾಜೂಕಿನ ಜೀವಿ ಅದು. ಚಿಕಿತ್ಸೆ ಪಡೆಯದ ರೋಗಿಯ ಜೊತೆ ತಿಂಗಳುಗಟ್ಟಲೆ ಹತ್ತಿರದಲ್ಲಿ ಬಾಳಿದರೆ ಉಸಿರಿನ ಹನಿಗಳಿಂದ ಅಂಟಬಹುದು, ಅದೂ ಕೆಲವರಿಗೆ ಮಾತ್ರ. ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜನರ ದೇಹ ಈ ರೋಗವನ್ನು ತಾನೇ ತಡೆದುಕೊಳ್ಳುತ್ತದೆ. ಹಾಗಾಗಿ ನಾಣ್ಯವನ್ನು ಧಾರಾಳವಾಗಿ ಕೈಯಲ್ಲಿ ಹಿಡಿಯಿರಿ. ಹುಣಸೆಹಣ್ಣು, ಪಾತ್ರೆ ಪುಡಿ ಹಾಕಿ ಉಜ್ಜುವುದಕ್ಕೆ ಮಾತ್ರ ಹೋಗಬೇಡಿ! ಅದು ಅಲ್ಯೂಮಿನಿಯಂ. ಮೇಲಿನ ಪದರ ಹೋದರೆ ಸಂಗ್ರಹಕಾರರ ಲೆಕ್ಕದಲ್ಲಿ ಬೆಲೆಯೂ ಹೋಯಿತು. ಸುಮ್ನೆ ಒಂದು ಒಣ ಕಾಗದದ ಲಕೋಟೆಯಲ್ಲಿ ಹಾಕಿಡಿ. ಅಸಲಿಯೋ ನಕಲಿಯೋ ಅಂತ ಬರೀ ವಿವರಣೆ ಓದಿ ಹೇಳಲು ಬರುವುದಿಲ್ಲ, ತೂಕ ಮತ್ತು ಅಳತೆ ನೋಡಿ ಹೇಳುವ ಒಬ್ಬ ಅನುಭವಿ ನಾಣ್ಯಶಾಸ್ತ್ರಜ್ಞರಿಗೆ ತೋರಿಸಿ. ಇಸವಿ ಮತ್ತು ಲೋಹ ಮಾತ್ರ ಸರಿಯಾಗಿ ಹೊಂದುತ್ತವೆ. ಕುಲಿಯೋನ್‌ನ ಮೊದಲ ನಾಣ್ಯಗಳು 1913ರವು, ಮನಿಲಾದ ಫ್ರಾಂಕ್ ಅಂಡ್ ಕಂಪನಿ ಅಲ್ಯೂಮಿನಿಯಂನಲ್ಲಿ ಮಾಡಿಕೊಟ್ಟವು. ಅರ್ಧ ಸೆಂಟಾವೊದಿಂದ ಹಿಡಿದು ಒಂದು ಪೆಸೊವರೆಗೆ ಇದ್ದವು (ಪೆಸೊ ಅಲ್ಲಿನ ರೂಪಾಯಿ ಇದ್ದ ಹಾಗೆ, ಸೆಂಟಾವೊ ಅದರ ಪೈಸೆ). ಮುಂದೆ 1920ರಿಂದ 1930ರವರೆಗೆ ಮನಿಲಾದ ಸರ್ಕಾರಿ ಟಂಕಸಾಲೆಯೇ ಟಂಕಿಸಿತು.

ಒಂದು ಊರಿಗೆ ಬೇರೆಯದೇ ದುಡ್ಡು ಯಾಕೆ ಬೇಕಿತ್ತು? ರೋಗಿಗಳು ಮುಟ್ಟಿದ ದುಡ್ಡು ಹೊರಗಿನವರ ಕೈಗೆ ಬರಬಾರದು, ಅಷ್ಟೇ. ಮನೆಯವರು ಕಳಿಸಿದ ಪೆಸೊ ಕಚೇರಿಯಲ್ಲೇ ಉಳಿಯುತ್ತಿತ್ತು, ಅದರ ಬದಲು ಇಂಥ ನಾಣ್ಯ ಕೊಡುತ್ತಿದ್ದರು. ಒಳಗಿನ ಅಂಗಡಿಯಲ್ಲಿ ಇದಕ್ಕೆ ಅಕ್ಕಿ, ಸಿಗರೇಟು ಸಿಗುತ್ತಿತ್ತು. ದ್ವೀಪದ ಆಚೆ ಇದು ಕವಡೆ ಕಾಸಿಗೂ ಬಾಳುತ್ತಿರಲಿಲ್ಲ. ಇದರ ಇನ್ನೊಂದು ಮುಖವನ್ನೂ ನೋಡಬೇಕು. ಜೇಬಿನಲ್ಲಿರುವ ದುಡ್ಡಿಗೆ ದೋಣಿಯವನು ಕೂಡ ಹತ್ತಿಸಿಕೊಳ್ಳುವುದಿಲ್ಲ ಅಂದಮೇಲೆ ಓಡಿಹೋಗುವುದಾದರೂ ಹೇಗೆ? ತಮಾಷೆ ಏನೆಂದರೆ, ಈ ನಾಣ್ಯಗಳನ್ನು ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಿ ಅದ್ದಿ ಅಲ್ಯೂಮಿನಿಯಂ ಕೆಟ್ಟುಹೋಯಿತು. ಆಮೇಲೆ ತಾಮ್ರ-ನಿಕಲ್ ಮಿಶ್ರಲೋಹಕ್ಕೆ ಬದಲಾಯಿಸಬೇಕಾಯಿತು. ಕೊಲಂಬಿಯಾ, ಪನಾಮಾ, ವೆನೆಜುವೆಲಾಗಳಲ್ಲೂ ಇಂಥ ನಾಣ್ಯಗಳಿದ್ದವು, ಹಾಗಾಗಿ ಇದು ಕುಲಿಯೋನ್ ಒಂದರ ಹುಚ್ಚಲ್ಲ. ಆದರೆ ಅಷ್ಟು ದೊಡ್ಡ ಪ್ರಮಾಣದಲ್ಲಿ ರೋಗಿಗಳನ್ನು ಕೂಡಿಹಾಕಿದ ಜಾಗ ಬೇರೆ ಇರಲಿಲ್ಲ. 1920-30ರ ದಶಕಗಳಲ್ಲಿ ಇದು ಜಗತ್ತಿನ ಅತಿ ದೊಡ್ಡ ಕುಷ್ಠರೋಗಿಗಳ ವಸತಿ.

ಈಗ ಊರಿನ ವಿಷಯ. ಕುಲಿಯೋನ್ ಇರುವುದು ಪಲಾವಾನ್ ಪ್ರಾಂತ್ಯದ ಉತ್ತರ ತುದಿಯ ಕಲಾಮಿಯಾನ್ ದ್ವೀಪಗಳ ಗುಂಪಿನಲ್ಲಿ. ಮನಿಲಾದಿಂದ ಸುಮಾರು 320 ಕಿಲೋಮೀಟರ್ ದೂರ. ಅಲ್ಲಿನ ಮೂಲ ಜನ ತಗ್ಬನ್ವಾ ಸಮುದಾಯದವರು. ಸ್ಪೇನಿನವರು ಬಂದಮೇಲೆ ಅಗಸ್ಟಿನಿಯನ್ ರಿಕಲೆಕ್ಟ್ ಪಾದ್ರಿಗಳು 17ನೇ ಶತಮಾನದಲ್ಲಿ ಚರ್ಚು ಕಟ್ಟಿದರು. ದಕ್ಷಿಣದ ಕಡೆಯಿಂದ ಮೋರೊ ದಾಳಿಕೋರರು ದೋಣಿಗಳಲ್ಲಿ ಬಂದು ಜನರನ್ನು ಸೆರೆಹಿಡಿದು ಒಯ್ಯುತ್ತಿದ್ದ ಕಾಲ ಅದು. ಅದಕ್ಕೇ 18ನೇ ಶತಮಾನದಲ್ಲಿ ಸಮುದ್ರಕ್ಕೆ ಚಾಚಿಕೊಂಡ ದಿಣ್ಣೆಯ ಮೇಲೆ ಕಲ್ಲಿನ ಕೋಟೆ ಎದ್ದಿತು, ದಾಳಿ ಆದಾಗ ಊರಿಗೆ ಊರೇ ಒಳಗೆ ಸೇರಿಕೊಳ್ಳುತ್ತಿತ್ತು. ಈಗ ಅಲ್ಲಿ ಕಾಣುವ ಕೆಂಪು ಬಣ್ಣದ ಲಾ ಇಮ್ಮಾಕುಲಾದಾ ಕಾನ್ಸೆಪ್ಸಿಯೋನ್ ಚರ್ಚು ಆ ಕೋಟೆಯ ಒಳಗೇ ಇದೆ. ಈಗಿನ ಕಟ್ಟಡ 1933ರದ್ದು, ಕೋಟೆಯ ಒಂದು ಭಾಗವನ್ನು ಕೆಡವಿಯೇ ಅದನ್ನು ಕಟ್ಟಿದರು. ಫಿಲಿಪ್ಪೀನ್ಸ್‌ನಲ್ಲಿ ಇಂಥ ಕೋಟೆ-ಚರ್ಚುಗಳು ಬೇಕಾದಷ್ಟಿವೆ. ಅದೊಂದೇ ಆಗಿದ್ದರೆ ಕುಲಿಯೋನ್ ಬಗ್ಗೆ ಇಷ್ಟುದ್ದ ಬರೆಯುವ ಅಗತ್ಯವೇ ಇರಲಿಲ್ಲ.

1898ರಲ್ಲಿ ಫಿಲಿಪ್ಪೀನ್ಸ್ ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಹೋಯಿತು. ಕುಷ್ಠರೋಗಿಗಳಿಗೆ ಅಲ್ಲಿಯವರೆಗೂ ಆಶ್ರಯ ಕೊಡುತ್ತಿದ್ದದ್ದು ಮನಿಲಾದ ಸಾನ್ ಲಾಜಾರೊ ಆಸ್ಪತ್ರೆಯಂಥ ಚರ್ಚಿನ ಸಂಸ್ಥೆಗಳು. (1632ರಲ್ಲಿ ಜಪಾನಿನ ಆಡಳಿತ ಕುಷ್ಠರೋಗವಿದ್ದ ತನ್ನ ಕ್ರೈಸ್ತರನ್ನು ಹಡಗಿಗೆ ತುಂಬಿಸಿ ಮನಿಲಾಕ್ಕೆ ಅಟ್ಟಿತ್ತು. ಅವರನ್ನೂ ಅಲ್ಲಿನ ಫ್ರಾನ್ಸಿಸ್ಕನ್ ಪಾದ್ರಿಗಳು ಇಳಿಸಿಕೊಂಡು ಸಾಕಿದರು.) ಅಮೆರಿಕದವರಿಗೆ ಈ ದಾನಧರ್ಮದ ವ್ಯವಸ್ಥೆ ಸಾಲಲಿಲ್ಲ. ಹವಾಯಿಯ ಮೊಲೊಕೈ ದ್ವೀಪದಲ್ಲಿ ರೋಗಿಗಳನ್ನು ಪ್ರತ್ಯೇಕವಾಗಿ ಇಡುವ ಏರ್ಪಾಡು ಅವರ ಕಣ್ಣ ಮುಂದೆಯೇ ಇತ್ತು. ಒಳ್ಳೆಯ ಬಂದರು, ಸಿಹಿನೀರು, ಕಮ್ಮಿ ಜನ, ರಾಜಧಾನಿಯಿಂದ ದೂರ, ಹೀಗೆಲ್ಲ ಲೆಕ್ಕ ಹಾಕಿ ಕುಲಿಯೋನ್ ಆರಿಸಿದರು. ಅಲ್ಲಿದ್ದ ಜನರನ್ನು ಅಕ್ಕಪಕ್ಕದ ದ್ವೀಪಗಳಿಗೆ ಎಬ್ಬಿಸಿ ಕಳಿಸಿದರು. ಈ ಒಂದು ಸಾಲನ್ನು ಎಲ್ಲರೂ ಬೇಗ ದಾಟಿಬಿಡುತ್ತಾರೆ. ಆದರೆ ಈ ಊರಿನಿಂದ ಮೊದಲು ಹೊರಬಿದ್ದವರು ಅವರೇ.

ಯೋಜನೆಯ ಹಿಂದಿದ್ದವರು ಡಾ. ವಿಕ್ಟರ್ ಹೈಸರ್, ಆಗಿನ ಆರೋಗ್ಯ ಇಲಾಖೆಯ ಮುಖ್ಯಸ್ಥರು. 1906ರ ಮೇ 27ರಂದು ಸೆಬು ಕಡೆಯಿಂದ 370 ರೋಗಿಗಳನ್ನು ಹೊತ್ತ ಎರಡು ಹಡಗುಗಳು ಬಂದು ನಿಂತವು. ದಡದಲ್ಲಿ ಅವರನ್ನು ನೋಡಿಕೊಳ್ಳಲು ಇದ್ದವರು ಸೇಂಟ್ ಪಾಲ್ ಆಫ್ ಷಾರ್ತ್ರ್ ಸಂಸ್ಥೆಯ ಸನ್ಯಾಸಿನಿಯರು, ಜೆಸ್ವಿಟ್ ಪಾದ್ರಿಗಳು, ಬೆರಳೆಣಿಕೆಯ ವೈದ್ಯಕೀಯ ಸಿಬ್ಬಂದಿ. ಮುಂದಿನ ವರ್ಷ, 1907ರಲ್ಲಿ, 1711ನೇ ಕಾನೂನು ಬಂತು. ಕುಷ್ಠರೋಗವಿದೆ ಅಂತ ಅನುಮಾನ ಬಂದವರನ್ನು ಹಿಡಿದು ತಂದು, ಪರೀಕ್ಷೆ ಮಾಡಿ, ಪ್ರತ್ಯೇಕಿಸುವ ಅಧಿಕಾರ ಅದರಿಂದ ಸಿಕ್ಕಿತು. ಅಕ್ಕಪಕ್ಕದವರು ದೂರು ಕೊಟ್ಟರೂ ಸಾಕಿತ್ತು. ಹಾಗಾಗಿ ಜನ ಅಡಗಿಕೊಂಡರು. ಕಾಡಿಗೆ ಹೋದರು, ಮನೆಯ ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಕೂತರು. ರೋಗವನ್ನು ಬೇಗ ಪತ್ತೆಹಚ್ಚಬೇಕು ಅಂತ ಮಾಡಿದ ಕಾನೂನೇ ರೋಗವನ್ನು ಮುಚ್ಚಿಡುವುದಕ್ಕೆ ಕಾರಣವಾಯಿತು. ನನ್ನ ಪ್ರಕಾರ ಹೈಸರ್ ಸಾಹೇಬರ ಇಡೀ ಯೋಜನೆಯ ದೊಡ್ಡ ಎಡವಟ್ಟು ಇದೇ. ಅವರು ದಕ್ಷ ಅಧಿಕಾರಿ, ಅದರಲ್ಲಿ ಎರಡು ಮಾತಿಲ್ಲ. ಮನುಷ್ಯರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದರಲ್ಲಿ ಆ ದಕ್ಷತೆ ಸ್ವಲ್ಪ ಜಾಸ್ತಿಯೇ ಖರ್ಚಾಯಿತು. ಮೊದಲ ವರ್ಷಗಳಲ್ಲಿ ಅಲ್ಲಿ ಸಾವು ವಿಪರೀತ. ಆದರೂ ಹೊಸಬರನ್ನು ತರುವುದು ನಿಲ್ಲಲಿಲ್ಲ. 1935ರ ಹೊತ್ತಿಗೆ ದ್ವೀಪದಲ್ಲಿ ಸುಮಾರು 7,000 ರೋಗಿಗಳಿದ್ದರು.

ಊರನ್ನು ಎರಡು ಭಾಗ ಮಾಡಿದ್ದರು. ಬಾಲಾಲಾ ಎಂಬ ಕಡೆ ವೈದ್ಯರು, ನೌಕರರು, ಅಂದರೆ 'ಸಾನೊ'ಗಳು (ಆರೋಗ್ಯವಂತರು). ಇನ್ನೊಂದು ಕಡೆ 'ಲೆಪ್ರೊಸೊ'ಗಳು (ಕುಷ್ಠರೋಗಿಗಳು). ನಡುವೆ ಗೇಟು, ಗೇಟಿಗೆ ಕಾವಲು. ರೋಗಿಗಳ ಕಡೆ ಅವರದ್ದೇ ಪೊಲೀಸರು, ಅವರದ್ದೇ ಸಲಹಾ ಮಂಡಳಿ, ಶಾಲೆ, ಬ್ಯಾಂಡು, ನಾಟಕ ಎಲ್ಲವೂ ಇದ್ದವು. ಬಲವಂತವಾಗಿ ಬಂದ ಜನ, ಬೇರೆ ಬೇರೆ ದ್ವೀಪದವರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದವರು, ಅಂಥವರೇ ಸೇರಿ ಒಂದು ಊರಿನ ದಿನಚರಿಯನ್ನು ಕಟ್ಟಿಕೊಂಡುಬಿಟ್ಟರು.

ಮದುವೆ ವಿಚಾರದಲ್ಲಿ ಮಾತ್ರ ಜಗಳ ಮುಗಿಯಲೇ ಇಲ್ಲ. ಆರಂಭದಲ್ಲಿ ಹೆಂಗಸರು ಗಂಡಸರನ್ನು ಬೇರೆಬೇರೆ ಇಡುವ ಯೋಚನೆ ಇತ್ತು, ಅದು ನಡೆಯಲಿಲ್ಲ. ಮದುವೆಗಳಾದವು, ಮಕ್ಕಳು ಹುಟ್ಟಿದರು. ರೋಗ ಅನುವಂಶೀಯವಲ್ಲ, ಹುಟ್ಟಿದ ಮಗುವಿಗೆ ರೋಗ ಇರುವುದಿಲ್ಲ ಅನ್ನುವುದು ವೈದ್ಯರಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಮಗುವನ್ನು ತಾಯಿಯಿಂದ ಕಿತ್ತುಕೊಳ್ಳುವುದು ಅವರಿಗೆ ಸರಿ ಅನ್ನಿಸಿತು. ಹಸುಗೂಸುಗಳನ್ನು ಬಾಲಾಲಾದ ನರ್ಸರಿಗೆ ಒಯ್ಯುತ್ತಿದ್ದರು. ಅಲ್ಲಿಂದ ಕೆಲವರು ಸಂಬಂಧಿಕರ ಮನೆಗೆ, ಕೆಲವರು ದತ್ತು, ಉಳಿದವರು ಮನಿಲಾದ ಅನಾಥಾಶ್ರಮಕ್ಕೆ. ಕೊನೆಗೆ ಮದುವೆಯನ್ನೇ ನಿಷೇಧಿಸಿದಾಗ 1932ರಲ್ಲಿ ಯುವಕರು ದಂಗೆ ಎದ್ದು ಹುಡುಗಿಯರ ಹಾಸ್ಟೆಲ್‌ಗೆ ನುಗ್ಗಿದರು. ಕೇಳುವುದಕ್ಕೆ ಪುಂಡಾಟಿಕೆ ಅನ್ನಿಸುತ್ತದೆ. ಆದರೆ ಹಿಂದಿನ ವರ್ಷಗಳ ಕಥೆ ಗೊತ್ತಿದ್ದವರಿಗೆ ಹಾಗೆ ಅನ್ನಿಸುವುದಿಲ್ಲ. ನಾವೂ ಬೀಗಬೇಕಾಗಿಲ್ಲ ಬಿಡಿ. ಭಾರತದಲ್ಲಿ ಗಂಡನಿಗೋ ಹೆಂಡತಿಗೋ ಕುಷ್ಠರೋಗವಿದೆ ಅನ್ನುವುದು ವಿಚ್ಛೇದನಕ್ಕೆ ಕಾನೂನಿನ ಪ್ರಕಾರವೇ ಒಂದು ಕಾರಣವಾಗಿತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ.

ಔಷಧದ ಕಥೆಯಲ್ಲಿ ನಮ್ಮ ಕಡೆಗೂ ಒಂದು ಎಳೆ ಇದೆ. ಆಗ ಈ ರೋಗಕ್ಕೆ ಇದ್ದ ಒಂದೇ ಔಷಧ ಚಾಲ್ಮೂಗ್ರ ಎಣ್ಣೆ. ಬರ್ಮಾ, ಅಸ್ಸಾಂ ಕಡೆಯ ಹಿಡ್ನೊಕಾರ್ಪಸ್ ಜಾತಿಯ ಮರದ ಬೀಜದಿಂದ ಅದನ್ನು ತೆಗೆಯುತ್ತಿದ್ದರು. ಅದೇ ಕುಲದ ಇನ್ನೊಂದು ಮರ ನಮ್ಮ ಪಶ್ಚಿಮ ಘಟ್ಟದ ಹೊಳೆ ಬದಿಯಲ್ಲಿ ಬೆಳೆಯುತ್ತದೆ, ಗರುಡಫಲ ಅಂತೀವಲ್ಲ, ಅದೇ. ಅದರ ಬೀಜದ ಎಣ್ಣೆಯನ್ನೂ ಕುಷ್ಠಕ್ಕೆ ಬಳಸುತ್ತಿದ್ದರು. ಕುಡಿಯುವುದು ದೊಡ್ಡ ಶಿಕ್ಷೆ, ವಾಂತಿ ತಡೆಯೋಕೇ ಆಗುತ್ತಿರಲಿಲ್ಲ. ಮನಿಲಾದಲ್ಲಿ ಹೈಸರ್ ಮತ್ತು ಫಿಲಿಪ್ಪೀನ್ಸ್‌ನ ವೈದ್ಯ ಮೆರ್ಕಾದೊ ಸೇರಿ ಈ ಎಣ್ಣೆಗೆ ಕರ್ಪೂರದ ಎಣ್ಣೆ, ರಿಸಾರ್ಸಿನ್ ಎಂಬ ರಾಸಾಯನಿಕ ಬೆರೆಸಿ ಚುಚ್ಚುಮದ್ದು ಮಾಡಿದರು. ದಪ್ಪ ಎಣ್ಣೆಯನ್ನು ವಾರವಾರ ಮಾಂಸಖಂಡಕ್ಕೆ ಏರಿಸುವುದು ಅಂದರೆ ಯೋಚಿಸಿ, ಬಾವು, ಕೀವು, ಜ್ವರ. ಎಷ್ಟು ಜನರಿಗೆ ನಿಜವಾಗಿ ಉಪಯೋಗವಾಯಿತೋ ಅನ್ನುವ ವಾದ ಆಮೇಲೂ ಮುಂದುವರಿಯಿತು.

ಆದರೆ ಈ ಎಣ್ಣೆಯ ಆಸೆಯಿಂದಲೇ ಕುಲಿಯೋನ್‌ಗೆ ದುಡ್ಡು ಬಂತು. 1921ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಲಿಯೊನಾರ್ಡ್ ವುಡ್ ತಾವೇ ವೈದ್ಯರಾಗಿದ್ದವರು, ದ್ವೀಪಕ್ಕೆ ವೈದ್ಯರನ್ನೂ ಹಣವನ್ನೂ ತಂದರು. 1922ರಲ್ಲಿ ಹರ್ಬರ್ಟ್ ವಿಂಡ್ಸರ್ ವೇಡ್ ಎಂಬ ರೋಗಶಾಸ್ತ್ರಜ್ಞರು ಬಂದರು, ಬಂದವರು ವಾಪಸ್ ಹೋಗಲೇ ಇಲ್ಲ. 1968ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು, ಅವರ ಸಮಾಧಿಯೂ ಅಲ್ಲೇ ಇದೆ. ಕುಷ್ಠದ ಬ್ಯಾಕ್ಟೀರಿಯಾ ಸೂಕ್ಷ್ಮದರ್ಶಕದಲ್ಲಿ ಕಾಣಲು ಅಂಗಾಂಶಕ್ಕೆ ಬಣ್ಣ ಹಾಕುವ ಒಂದು ವಿಧಾನಕ್ಕೆ ಈಗಲೂ ವೇಡ್-ಫೈಟ್ ಅಂತಲೇ ಹೆಸರು. ನಮ್ಮ ಮೆಡಿಕಲ್ ಕಾಲೇಜುಗಳ ಪೆಥಾಲಜಿ ಲ್ಯಾಬ್‌ಗಳಲ್ಲೂ ಅದೇ ಬಣ್ಣ ಹಾಕುತ್ತಾರೆ. ಅಂತರರಾಷ್ಟ್ರೀಯ ಕುಷ್ಠರೋಗ ಸಂಘ 1931ರಲ್ಲಿ ಹುಟ್ಟಿದ್ದು ಮನಿಲಾದ ಸಭೆಯಲ್ಲಿ, ಅದರ ಪತ್ರಿಕೆಯನ್ನು ಬಹಳ ಕಾಲ ಸಂಪಾದಿಸಿದ್ದು ಇದೇ ವೇಡ್. ಒಂದು ಕಾಲಕ್ಕೆ ಈ ರೋಗದ ಬಗ್ಗೆ ಕಲಿಯಬೇಕು ಅಂದವರು ಕುಲಿಯೋನ್ ಕಡೆ ನೋಡಲೇಬೇಕಿತ್ತು.

ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಾಣದೆ ಹೋದವರನ್ನು 'ನೆಗೆಟಿವ್' ಅಂತ ಕರೆದು ಬಿಡುಗಡೆ ಮಾಡುತ್ತಿದ್ದರು. ಆದರೆ ಬೆರಳು ಮೊಟಕಾಗಿರುವ, ಮೂಗು ಕುಸಿದಿರುವ ಮನುಷ್ಯನನ್ನು ಸರ್ಟಿಫಿಕೇಟ್ ನೋಡಿ ಯಾರು ಮನೆಗೆ ಸೇರಿಸುತ್ತಾರೆ? ಹೋದವರಲ್ಲಿ ಕೆಲವರು ತಿರುಗಿ ಬಂದರು. ಇನ್ನು ಕೆಲವರು ಹೋಗಲೇ ಇಲ್ಲ.

ಬೆಟ್ಟದ ಮೈಮೇಲೆ ಸಮುದ್ರದಿಂದಲೇ ಕಾಣುವ ಹಾಗೆ ಒಂದು ದೊಡ್ಡ ಹದ್ದಿನ ಚಿತ್ರವಿದೆ. 1926ರಲ್ಲಿ ರೋಗಿಗಳು ಹವಳದ ಕಲ್ಲುಗಳನ್ನು ಹೊತ್ತು ತಂದು ಜೋಡಿಸಿದ್ದು, ಆರೋಗ್ಯ ಇಲಾಖೆಯ ಲಾಂಛನ ಅದು. ಅವರು ಅದನ್ನು ಕೃತಜ್ಞತೆಯಿಂದ ಮಾಡಿದರು ಅಂತ ಹೇಳುವುದು ವಾಡಿಕೆ. ಇರಬಹುದು. ಸ್ಪರ್ಶ ಗೊತ್ತಾಗದ ಕೈಗಳಲ್ಲಿ ಚೂಪು ಕಲ್ಲು ಹೊರುವುದು ಅಂದರೆ ಏನು ಅಂತ ಈ ರೋಗ ನೋಡಿದವರಿಗೆ ಗೊತ್ತು. ಗಾಯವಾದರೂ ತಿಳಿಯುವುದಿಲ್ಲ, ರಕ್ತ ಕಂಡ ಮೇಲೆಯೇ ತಿಳಿಯುವುದು. ಕೃತಜ್ಞತೆಯೋ, ನಾವೂ ಇಲ್ಲಿದ್ದೇವೆ ಅಂತ ತೋರಿಸುವ ಹಟವೋ, ಎರಡೂ ಇದ್ದಿರಬಹುದು ಅನ್ನುವುದು ನನ್ನ ಅನಿಸಿಕೆ.

ಎರಡನೇ ಮಹಾಯುದ್ಧದಲ್ಲಿ ಜಪಾನ್ ಆಕ್ರಮಣವಾದಾಗ ಅಕ್ಕಿಯ ಹಡಗು ಬರುವುದು ನಿಂತಿತು. ಊರು ಪೂರ್ತಿ ಹೊರಗಿನ ಅಕ್ಕಿಯ ಮೇಲೆ ನಿಂತಿತ್ತು ನೋಡಿ. ಬಹಳ ಜನ ಹಸಿವಿನಿಂದ ಸತ್ತರು. ಇನ್ನು ಎಷ್ಟೋ ಜನ ಸಿಕ್ಕ ದೋಣಿ ಹತ್ತಿ ಹೊರಟುಹೋದರು, ಅಷ್ಟು ವರ್ಷ ಕಾವಲಿಟ್ಟು ತಡೆದದ್ದು ಹಸಿವಿನ ಮುಂದೆ ನಿಲ್ಲಲಿಲ್ಲ. 1942ರಲ್ಲಿ ಕಾಲನಿಯ ಒಳಗೆ ಕಾಗದದ ತುರ್ತು ನೋಟುಗಳೂ ಬಂದವು. ಇವು ನಾಣ್ಯಗಳಿಗಿಂತ ಅಪರೂಪ, ಡಬ್ಬಿಯ ತಳದಲ್ಲಿ ಹಳೆಯ ಕಾಗದದ ಚೂರು ಏನಾದರೂ ಇದ್ದರೆ ಎಸೆಯಬೇಡಿ.

ಯುದ್ಧ ಮುಗಿದ ಮೇಲೆ ಸಲ್ಫೋನ್ ಔಷಧಗಳು ಬಂದವು, ಚಾಲ್ಮೂಗ್ರದ ಕಾಲ ಮುಗಿಯಿತು. 1964ರ ಕಾನೂನು ಕಡ್ಡಾಯವಾಗಿ ಪ್ರತ್ಯೇಕಿಸುವುದನ್ನು ನಿಲ್ಲಿಸಿತು. 1980ರ ದಶಕದಲ್ಲಿ ಬಹುಔಷಧ ಚಿಕಿತ್ಸೆ ಬಂದ ಮೇಲಂತೂ ರೋಗ ಪೂರ್ತಿ ಗುಣವಾಗುವಂಥದ್ದಾಯಿತು. ಈಗ ಎಲ್ಲ ದೇಶಗಳಲ್ಲೂ ಈ ಮಾತ್ರೆ ಪುಕ್ಕಟೆ ಸಿಗುತ್ತದೆ. ಇಷ್ಟೆಲ್ಲ ಆದಮೇಲೆ ಊರು ಖಾಲಿಯಾಗಬೇಕಿತ್ತು ಅಲ್ವಾ? ಆಗಲಿಲ್ಲ. ಅಷ್ಟರಲ್ಲಿ ಅಲ್ಲಿ ಮಕ್ಕಳು ಮೊಮ್ಮಕ್ಕಳು ಹುಟ್ಟಿ ಬೆಳೆದಿದ್ದರು. ಅವರಿಗೆ ಸ್ವಂತ ಊರು ಅಂತ ಇದ್ದದ್ದು ಅದೊಂದೇ. ತೊಡಕು ಏನಾಗಿತ್ತು ಅಂದರೆ, ಕಾಗದದ ಮೇಲೆ ಅದು ಊರೇ ಅಲ್ಲ, ಆರೋಗ್ಯ ಇಲಾಖೆಯ ಆಸ್ತಿ. ಮೇಯರ್ ಇಲ್ಲ, ಸ್ವಂತ ಪುರಸಭೆ ಇಲ್ಲ. ದಶಕಗಟ್ಟಲೆ ಒಬ್ಬ ಮುಖ್ಯ ವೈದ್ಯಾಧಿಕಾರಿಯೇ ಅಲ್ಲಿನ ಆಡಳಿತ. ಇದು ಬದಲಾದದ್ದು 1992ರಲ್ಲಿ, 7193ನೇ ಗಣರಾಜ್ಯ ಕಾಯ್ದೆಯಿಂದ ಕುಲಿಯೋನ್ ಪುರಸಭೆಯಾಯಿತು. ಚುನಾವಣೆಯಲ್ಲಿ ಗೆದ್ದ ಮೊದಲ ಮೇಯರ್ ತಾವೇ ಹಿಂದೆ ರೋಗಿಯಾಗಿದ್ದವರು. 2006ರಲ್ಲಿ, ಮೊದಲ ಹಡಗು ಬಂದು ನೂರು ವರ್ಷವಾದಾಗ, ಊರಲ್ಲಿ ದೊಡ್ಡ ಕಾರ್ಯಕ್ರಮ ಮಾಡಿದರು. ಆ ಹೊತ್ತಿಗೆ ಕುಷ್ಠರೋಗ ಅಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿರಲಿಲ್ಲ. ಈಗ ಜನಸಂಖ್ಯೆ 20 ಸಾವಿರ ದಾಟಿದೆ.

ಹಾಗಾಗಿ ನಿಮ್ಮ ಮಗಳಿಗೆ ಅಲ್ಲಿ ಯಾವ ಅಪಾಯವೂ ಇಲ್ಲ, ಬೆಂಗಳೂರಿನಲ್ಲಿ ಬಸ್ ಹತ್ತುವಾಗ ಇಲ್ಲದ ಯಾವ ಅಪಾಯವೂ ಇಲ್ಲ.

ನೋಡುವುದಕ್ಕೆ ಏನಿದೆ ಅಂದಿರಿ. ಕೊರೋನ್‌ಗೆ ಹೋಗುವವರು ಸಾಮಾನ್ಯವಾಗಿ ಸುಣ್ಣದಕಲ್ಲಿನ ಬೆಟ್ಟಗಳ ನಡುವಿನ ಸರೋವರ, ಮುಳುಗಿದ ಜಪಾನಿ ಹಡಗು, ಬೀಚು ಅಂತ ಮೂರ್ನಾಲ್ಕು ದಿನ ಕಳೆಯುತ್ತಾರೆ. ಅದರಲ್ಲಿ ಒಂದು ದಿನವನ್ನು ಇದಕ್ಕೆ ಕೊಡಲಿ. ಮೊದಲು ಮ್ಯೂಸಿಯಂ ನೋಡಬೇಕು, ಆಮೇಲೆ ಕೋಟೆ, ಚರ್ಚು. ಹೆಚ್ಚಿನವರು ಫೋಟೊಗೆ ಚೆನ್ನಾಗಿದೆ ಅಂತ ಕೋಟೆಗೆ ಮೊದಲು ಓಡುತ್ತಾರೆ, ಕಥೆ ಗೊತ್ತಿಲ್ಲದೆ ಊರು ಸುತ್ತಿದರೆ ಬರೀ ಹಳೆಯ ಗೋಡೆ ಕಾಣುತ್ತದೆ ಅಷ್ಟೇ. ಮ್ಯೂಸಿಯಂ ಇರುವುದು ಆಸ್ಪತ್ರೆಯ ಆವರಣದಲ್ಲೇ. ರೋಗಿಗಳ ಕಡತ, ಫೋಟೊ, ಶಸ್ತ್ರಚಿಕಿತ್ಸೆಯ ಸಾಮಾನು, ನಿಮ್ಮ ಹತ್ತಿರ ಇರುವಂಥ ನಾಣ್ಯಗಳು ಅಲ್ಲಿವೆ. ಈ ದಾಖಲೆಗಳ ಸಂಗ್ರಹವನ್ನು 2018ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪ್ರಾದೇಶಿಕ 'ವಿಶ್ವದ ಸ್ಮೃತಿ' ಪಟ್ಟಿಗೆ ಸೇರಿಸಿದರು. ಅದು ಸೇರಬೇಕಾದ್ದೇ. ಈ ಊರಿನವರು ಎಲ್ಲವನ್ನೂ ಸುಟ್ಟುಹಾಕಿ, ಹೆಸರೂ ಬದಲಾಯಿಸಿ, ಬರೀ ಬೀಚಿನ ಊರು ಅಂತ ಹೇಳಿಕೊಳ್ಳಬಹುದಿತ್ತು. ಅವರು ಕಡತ ಉಳಿಸಿಕೊಂಡರು, ಬಂದವರಿಗೆ ತೋರಿಸುತ್ತಾರೆ. ನನಗೆ ಚರ್ಚು, ಕೋಟೆಗಿಂತ ದೊಡ್ಡ ಪರಂಪರೆ ಅನ್ನಿಸುವುದು ಇದು.

ಆಸ್ಪತ್ರೆ ಈಗಲೂ ನಡೆಯುತ್ತಿದೆ, ಸುತ್ತಲಿನ ದ್ವೀಪಗಳ ಜನರಿಗೆ ಸಾಮಾನ್ಯ ಆಸ್ಪತ್ರೆಯಾಗಿ. ವಯಸ್ಸಾದ ಹಳೆಯ ರೋಗಿಗಳು ಎದುರಾದರೆ ಕೇಳದೆ ಕ್ಯಾಮೆರಾ ಎತ್ತಬಾರದು. 'ನಿಮ್ಮ ಮನೆಯಲ್ಲಿ ಯಾರಿಗೆ ಇತ್ತು' ಅಂತ ಊರಿನವರನ್ನು ಕೇಳುವುದೂ ಬೇಡ, ಹೇಳಬೇಕು ಅನ್ನಿಸಿದವರು ತಾವೇ ಹೇಳುತ್ತಾರೆ. ಹದ್ದಿನ ಹತ್ತಿರಕ್ಕೆ ಮೆಟ್ಟಿಲು ಹತ್ತಬೇಕು, ಬಿಸಿಲು ಏರುವ ಮೊದಲು ಹೋಗುವುದು ವಾಸಿ. ಕೊರೋನ್‌ನಿಂದ ದೋಣಿಯಲ್ಲಿ ಒಂದೂವರೆ-ಎರಡು ತಾಸು. ನೈಋತ್ಯ ಮಳೆಗಾಲದ ತಿಂಗಳುಗಳಲ್ಲಿ ಸಮುದ್ರ ಕೆಟ್ಟರೆ ದೋಣಿ ಬಿಡುವುದಿಲ್ಲ, ಆದ್ದರಿಂದ ಡಿಸೆಂಬರ್‌ನಿಂದ ಮೇ ನಡುವೆ ಟಿಕೆಟ್ ಮಾಡಿಸಲಿ, ವಾಪಸ್ ವಿಮಾನದ ಹಿಂದಿನ ದಿನಕ್ಕೆ ಕುಲಿಯೋನ್ ಇಟ್ಟುಕೊಳ್ಳದಿರಲಿ.